ಅಗಸ ಅಜೀಜ ಮತ್ತು ನಮ್ಮ ಕುರ್ಚಿ

"ಕುರ್ಚಿ ಸಿಕ್ಕ ಮ್ಯಾಲ ಮನುಷ್ಯಾ ಬದಲಾದ ನೋಡ್ರಿ." ಲಿಂಗಸುಗೂರಿನ ಚಹದಂಗಡಿಯಲ್ಲಿ, ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಲೀಸಾಗಿ ಆಡುವ ಮಾತಿದು. ಗೌಡರ ಮನೆಯವನು ಗೆದ್ದರೆ ಯಾರೂ ಹೀಗೆನ್ನುವುದಿಲ್ಲ. ಅವನು ಮೊದಲೂ ಹಂಗೇ ಇದ್ದ. ಕೇರಿಯವನು ಗೆದ್ದಾಗ ಮಾತ್ರ ಈ ತೀರ್ಪು. ಅಧಿಕಾರ ನಿಜಕ್ಕೂ ಮನುಷ್ಯನನ್ನು ಬದಲಿಸುತ್ತದೆಯೇ? ನಾವು ಚಪ್ಪಾಳೆ ತಟ್ಟಿದ ನಾಟಕ, ಸಿನಿಮಾಗಳನ್ನೇ ಕೇಳೋಣ.

ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕದಲ್ಲಿ ಇಬ್ಬರು ಬದಲಾಗುತ್ತಾರೆ. ಸುಲ್ತಾನ ದೊಡ್ಡ ಕನಸು ಕಟ್ಟುತ್ತಾನೆ, ಅದನ್ನುಳಿಸಲು ಕೊಲೆ ಮಾಡುತ್ತ ಮಾಡುತ್ತ ಒಂಟಿಯಾಗುತ್ತಾನೆ. ಅಗಸ ಅಜೀಜ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಗೆಲ್ಲುತ್ತಾನೆ. ಆಮೇಲೆ ಖಲೀಫರ ವಂಶದವನನ್ನು ಕೊಂದು ಅವನ ಉಡುಪು ತೊಡುತ್ತಾನೆ. ಸುಲ್ತಾನನೇ ಬಂದು ಅವನ ಕಾಲಿಗೆ ಬೀಳುತ್ತಾನೆ. ಇಬ್ಬರ ಕೈಯಲ್ಲೂ ರಕ್ತ. ಆದರೆ ಸುಲ್ತಾನನದು ದುರಂತವೆಂದು ಮರುಗುತ್ತೇವೆ, ಅಗಸನದು ಕಿತಾಪತಿಯೆಂದು ನಗುತ್ತೇವೆ. ಈ ತಕ್ಕಡಿ ಯಾರದು?

ಅಜೀಜನ ಕೊಲೆಯನ್ನು ನಾನು ಸಮರ್ಥಿಸುವುದಿಲ್ಲ. ಒಡೆಯನ ಅಂಗಿ ತೊಟ್ಟವನು ಒಡೆಯನ ಕೆಲಸವನ್ನೇ ಮಾಡಿದ. ಆದರೆ ಊರ ಬಟ್ಟೆ ಒಗೆದವನಿಗೆ ಒಂದು ಸತ್ಯ ಗೊತ್ತಿತ್ತು: ಮಂದಿ ಕೈಮುಗಿಯುವುದು ಅಂಗಿಗೆ, ಮೈಗಲ್ಲ. ಬದಲಾದದ್ದು ಅವನಿಗಿಂತ ಹೆಚ್ಚಾಗಿ ಎದುರಿಗಿದ್ದವರ ಬೆನ್ನು.

ಸಿನಿಮಾದ ದಾರಿ ಬೇರೆ. ನಿರ್ದೇಶಕ ಸಿದ್ಧಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' (1974) ಚಿತ್ರದಲ್ಲಿ ಸಾಲ ಕೊಟ್ಟು ಊರನ್ನೇ ಹಿಂಡಿದವನ ಮಗ ಕೊನೆಗೆ ಕರಗುತ್ತಾನೆ. ನಮಗೂ ಕಣ್ಣೀರು ಬರುತ್ತದೆ. ಆದರೆ ಬಡವರ ಕೈಗೆ ಬಂದದ್ದೇನು? ಕರಗಿದ ಒಂದು ಮನಸ್ಸು. ನಾಳೆ ಅದು ಮತ್ತೆ ಕಲ್ಲಾದರೆ ಕೇಳುವವರ್ಯಾರು?

ಕಳಿಂಗದ ರಕ್ತ ಕಂಡು ಕರಗಿದ ಅಶೋಕನೂ ಅಂಥವನೇ. ಅವನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ನಮ್ಮ ಮಸ್ಕಿಯ ಬಂಡೆಯಲ್ಲಿ ಸಿಕ್ಕಿತು. ಚಿಕ್ಕವನೂ ಧರ್ಮದಿಂದ ನಡೆದರೆ ಮೇಲಿನ ಗುರಿ ಮುಟ್ಟಬಲ್ಲ, ಅದು ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ ಎಂಬುದು ಅದರ ಸಾರ. ದೊಡ್ಡ ಮಾತು. ಆದರೆ ಚಿಕ್ಕವನಿಗೆ ಧರ್ಮ ಕೊಟ್ಟ ಅರಸ ಸಿಂಹಾಸನವನ್ನೇನೂ ಹಂಚಲಿಲ್ಲ.

ಹಂಚಿರೆಂದು ಕೇಳಿದವರು ಬಾಬಾಸಾಹೇಬರು. ಅವರು ಕೇಳಿದ್ದು ಪ್ರತ್ಯೇಕ ಮತಕ್ಷೇತ್ರ. ಗಾಂಧೀಜಿ ಉಪವಾಸ ಕೂತರು. 1932ರ ಪುಣೆ ಒಪ್ಪಂದದಲ್ಲಿ ಸಿಕ್ಕದ್ದು ಎಲ್ಲರೂ ಮತ ಹಾಕುವ ಮೀಸಲು ಸ್ಥಾನ. 2008ರ ಮರುವಿಂಗಡಣೆಯಿಂದ ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ನಿಲ್ಲುವವನು ನಮ್ಮವನೇ. ಆದರೆ ಗೆಲ್ಲಲು ಅವನು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಒಡೆಯರ ಮನೆ ಬಾಗಿಲಿಗೂ ಹೋಗಬೇಕು. ಅಲ್ಲಿ ಬಗ್ಗಿದ ಬೆನ್ನು ಕೇರಿಗೆ ಬಂದಾಗ ಸೆಟೆಯುತ್ತದೆ. ಇದನ್ನು ಬರೀ ಗುಣದೋಷ ಎಂದರೆ ಅರ್ಧ ಸತ್ಯ.

ಉಳಿದರ್ಧ ನಮ್ಮದು ಗೆಳೆಯರೇ. ಗೆದ್ದವನಿಗೆ ಹಾರ ಹಾಕಿ, ಹೆಗಲ ಮೇಲೆ ಹೊತ್ತು, ಕೈಮುಗಿದು ದೂರ ನಿಂತವರು ನಾವೇ. ಅವನಿಗೆ ಅಂಗಿ ತೊಡಿಸಿದವರು ನಾವೇ. ಅಧಿಕಾರ ಮನುಷ್ಯನನ್ನು ಕೆಡಿಸುವುದು ಅವನು ಮೇಲೆ ಕೂತದ್ದರಿಂದಲ್ಲ, ಕೆಳಗಿನವರು ಬಾಯಿ ಮುಚ್ಚಿದ್ದರಿಂದ. ಒಳ್ಳೆಯ ಒಡೆಯನಿಗಾಗಿ ಕಾಯುವುದು ಸಾಕು. ನಮ್ಮವನನ್ನು ಗೆಲ್ಲಿಸಬೇಕು. ಗೆದ್ದ ಮರುದಿನವೇ ಅವನೆದುರು ನೆಟ್ಟಗೆ ನಿಂತು, "ಯಾಕಪಾ, ನಮ್ಮ ಕೆಲಸ ಎಲ್ಲಿಗಿ ಬಂತು?" ಅಂತ ಕೇಳಬೇಕು.