ದಶಮಿಯ ರಾತ್ರಿಯ ಅವಲಕ್ಕಿ

ದಶಮಿಯಂದು ಏಕಭುಕ್ತವೆಂಬುದು ನಮ್ಮಲ್ಲಿ ಪರಂಪರೆಯಿಂದ ಬಂದ ನಿಯಮ. ಮಧ್ಯಾಹ್ನ ಒಂದು ಊಟ, ರಾತ್ರಿ ಅನ್ನವಿಲ್ಲ. ಅಶಕ್ತರಾದವರು ಆಗ ಅವಲಕ್ಕಿಯ ಫಲಾಹಾರ ಸ್ವೀಕರಿಸುವುದು ಅನೇಕ ಮನೆಗಳ ರೂಢಿ. ಆದರೆ ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿದರೆ ಆಗುವುದೇ ಅವಲಕ್ಕಿಯಲ್ಲವೇ? ಅನ್ನವನ್ನು ಬಿಟ್ಟು ಇದನ್ನು ತಿನ್ನುವುದರಲ್ಲಿ ಸಂಯಮವೆಲ್ಲಿದೆ ಎಂದು ಕೇಳುವವರುಂಟು.

ಇದಕ್ಕೆ ಉತ್ತರವನ್ನು ಧಾನ್ಯದಲ್ಲಿ ಹುಡುಕುವುದಕ್ಕಿಂತ ಅಡಿಗೆಮನೆಯಲ್ಲಿ ಹುಡುಕುವುದು ಲೇಸೆಂದು ನನಗೆ ತೋರುತ್ತದೆ. ತೆಳು ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿದರೆ ಒಲೆಯೇ ಬೇಡ. ಗಟ್ಟಿ ಅವಲಕ್ಕಿಯನ್ನು ತೊಳೆದು ನೆನೆಸಿ ಉಪ್ಪು, ಮೊಸರು ಬೆರೆಸಿದರೆ ಕೆಲಸ ತೀರಿತು. ಆದರೆ ನಾಲಗೆಯು ಅಷ್ಟಕ್ಕೆ ಸುಮ್ಮನಾಗದು. ಹುಣಿಸೆರಸ, ಸಾರಿನಪುಡಿಗಳ ಗೊಜ್ಜವಲಕ್ಕಿ ಬೇಕು. ಇಂಗಿನ ಒಗ್ಗರಣೆಯದೊಂದು ಬೇಕು. ಕೊನೆಗೆ ಪಾಯಸವೂ ಬೇಕು.

ನಾನು ಬಾಲಕನಾಗಿದ್ದಾಗ ಒಂದು ದಶಮಿಯ ರಾತ್ರಿ ತೀರ್ಥರೂಪರು ದೇವರ ಪೂಜೆ ಮುಗಿಸಿ ಇಬ್ಬರು ಅತಿಥಿಗಳೊಡನೆ ಮನೆಗೆ ಬಂದರು. ತಾಯಿಯವರು ನಾಲ್ಕು ಬಗೆಯ ಅವಲಕ್ಕಿ ಮಾಡಿ ಬಡಿಸಿದರು. ನಾವೆಲ್ಲರೂ ಹೊಗಳಿ ಹೊಗಳಿ ಮತ್ತೆ ಹಾಕಿಸಿಕೊಂಡೆವು. ಕೊನೆಯಲ್ಲಿ ಪಾತ್ರೆಗಳು ಬರಿದಾಗಿದ್ದವು. ಅವರು ನೀರು ಕುಡಿದು ಮಲಗಿದರು. ಮರುದಿನ ಏಕಾದಶಿ, ನಿರ್ಜಲೋಪವಾಸ. ದ್ವಾದಶಿಯ ಪಾರಣೆಗೆ ನಸುಕಿನಲ್ಲೆದ್ದು ಒಲೆ ಹಚ್ಚಿದವರೂ ಅವರೇ. ಪಾರಣೆಯ ನಂತರ ವಿಷಯ ತಿಳಿದ ತೀರ್ಥರೂಪರು, "ನಾವು ವ್ರತ ಮಾಡಲಿಲ್ಲ, ಅವಳಿಂದ ಮಾಡಿಸಿದೆವು" ಎಂದಷ್ಟೇ ನುಡಿದರು. ಮುಂದಿನ ದಶಮಿಯಿಂದ ನಮ್ಮ ಮನೆಯಲ್ಲಿ ಮೊಸರವಲಕ್ಕಿಯೊಂದೇ. ಅದನ್ನು ತಾವೇ ಕಲಸಿ, ತಾಯಿಯವರ ಪಾಲನ್ನು ಮೊದಲು ತೆಗೆದಿರಿಸಿ, ಅನಂತರ ಉಳಿದವರಿಗೆ ಹಾಕುತ್ತಿದ್ದರು.

ಭಾಗವತದ ದಶಮಸ್ಕಂಧದ ಕುಚೇಲೋಪಾಖ್ಯಾನವನ್ನು ಕೇಳುವಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ನಾಲ್ಕು ಮುಷ್ಟಿ ಅವಲಕ್ಕಿಯನ್ನು ಬೇಡಿ ತಂದು ಬಟ್ಟೆಯಲ್ಲಿ ಕಟ್ಟಿಕೊಟ್ಟವಳು ಕುಚೇಲನ ಪತ್ನಿ. ಹಸಿವಿನಿಂದ ಕೃಶಳಾಗಿದ್ದರೂ ಆಕೆ ಅದನ್ನು ತನಗೆಂದು ಇಟ್ಟುಕೊಳ್ಳಲಿಲ್ಲ. ಶ್ರೀಕೃಷ್ಣನು ಬೆಲ್ಲವನ್ನು ಕೇಳಲಿಲ್ಲ, ಒಗ್ಗರಣೆಯನ್ನೂ ಕೇಳಲಿಲ್ಲ. ಒಂದು ಮುಷ್ಟಿಯೇ ಸಾಕಾಯಿತು. ನಾವು ಕುಚೇಲನ ಭಕ್ತಿಯನ್ನು ಕೊಂಡಾಡುತ್ತೇವೆ, ಆ ಸಾಧ್ವಿಯ ಹಸಿವನ್ನು ಮರೆಯುತ್ತೇವೆ.

ಕೃಷ್ಣಾಷ್ಟಮಿಯ ನೈವೇದ್ಯಕ್ಕೆ ಸಿಹಿ, ಖಾರ ಬಗೆಬಗೆಯ ಅವಲಕ್ಕಿಯಾಗಲಿ. ಅಲ್ಲಿ ಸಂಭ್ರಮವೂ ಸೇವೆಯೇ. ವ್ರತದ ರಾತ್ರಿಗೆ ಮಾತ್ರ ಒಂದು ಬಗೆ ಸಾಕು. ಅವಲಕ್ಕಿಯು ಅನ್ನವೋ ಅಲ್ಲವೋ ಎಂಬುದನ್ನು ಪಂಡಿತರು ನಿರ್ಣಯಿಸಲಿ. ಕೈತೊಳೆಯಲು ಏಳುವ ಮುನ್ನ ಬಡಿಸಿದವರಿಗೆ ಉಳಿದಿದೆಯೇ ಎಂದು ನೋಡುವುದು ನಮ್ಮೆಲ್ಲರ ಕರ್ತವ್ಯ.

ಶ್ರೀಕೃಷ್ಣಾರ್ಪಣಮಸ್ತು.