ತೊಳೆದ ನೀರು ಎಲ್ಲಿಗೆ?

ಕಲ್ಯಾಣಪುರದ ನಮ್ಮ ಮನೆಯಲ್ಲಿ ಮೀನು ತೊಳೆದ ನೀರನ್ನು ಚೆಲ್ಲುವುದಿಲ್ಲ, ತೆಂಗಿನ ಬುಡಕ್ಕೆ ಹಾಕುತ್ತೇವೆ. ನನ್ನ ಸಂಶೋಧನೆಯೂ ಹೆಚ್ಚುಕಡಿಮೆ ಅದೇ ನೀರಿನ ಬಗ್ಗೆ. ಮೀನು ಸಂಸ್ಕರಣೆಯಲ್ಲಿ ಹೊರಬರುವ, ಉಪ್ಪು, ರಕ್ತ, ಕೊಬ್ಬು ಬೆರೆತ ನೀರನ್ನು ಮೆಂಬ್ರೇನ್ ಎಂಬ ತೆಳು ಪೊರೆಯಲ್ಲಿ ಸೋಸುವುದು ನನ್ನ ಕೆಲಸ.

ಪೊರೆ ನೀರನ್ನು ಬಿಡುತ್ತದೆ, ಕೊಳೆಯನ್ನು ತಡೆಯುತ್ತದೆ. ತಡೆದ ಕೊಳೆ ಅದರ ಮೈಗೇ ಅಂಟುತ್ತದೆ. ಇದನ್ನು ಫೌಲಿಂಗ್ ಎನ್ನುತ್ತೇವೆ. ಉಪ್ಪು ಹೆಚ್ಚಿದ್ದರೆ ಅಂಟು ಇನ್ನೂ ಬಿಗಿ. ಪ್ರೋಟೀನಿನ ಕಣಗಳು ಒಂದನ್ನೊಂದು ದೂರ ತಳ್ಳುವ ವಿದ್ಯುದಾವೇಶದ ಬಲವನ್ನು ಉಪ್ಪು ಕುಗ್ಗಿಸುವುದರಿಂದ ಅವು ಒತ್ತೊತ್ತಾಗಿ ಕೂರುತ್ತವೆ. ಹರಿವು ಇಳಿದಾಗ ಕಾಸ್ಟಿಕ್ ಸೋಡಾ ಹಾಕಿ ಪ್ರೋಟೀನು, ಕೊಬ್ಬನ್ನೂ, ಆಮ್ಲ ಹಾಕಿ ಕ್ಯಾಲ್ಸಿಯಂ ಪದರವನ್ನೂ ತೊಳೆಯಬೇಕು.

ನನ್ನ ಮಹಾಪ್ರಬಂಧದ ಕೋಷ್ಟಕದಲ್ಲಿ ‘ಶೇಕಡಾ ನಿವಾರಣೆ’ ಎಂಬ ಕಾಲಂ ಇದೆ. ಅದನ್ನು ಹೆಮ್ಮೆಯಿಂದ ವಿವರಿಸಿದಾಗ ಅಮ್ಮ ಕೇಳಿದಳು: “ಅದೆಲ್ಲ ಸರಿ. ಪೊರೆ ತೊಳೆದ ನೀರು ಎಲ್ಲಿಗೆ ಹಾಕುದು?”

ಉತ್ತರ ಗೊತ್ತಿತ್ತು. ಸಿಂಕಿಗೆ. ಮೂರು ವರ್ಷ ನಾನೇ ಸುರಿದಿದ್ದೆ.

‘ನಿವಾರಣೆ’ ಎಂಬ ಪದವೇ ಮೋಸದ್ದು. ರಿವರ್ಸ್ ಆಸ್ಮೋಸಿಸ್‌ನಲ್ಲಿ 100 ಲೀಟರ್ ಉಪ್ಪುನೀರಿನಿಂದ 50 ಲೀಟರ್ ಸಿಹಿನೀರು ತೆಗೆದರೆ, ಹೆಚ್ಚುಕಡಿಮೆ ಅಷ್ಟೂ ಉಪ್ಪು ಉಳಿದ 50 ಲೀಟರಿನಲ್ಲಿ ಇಮ್ಮಡಿ ಗಟ್ಟಿಯಾಗಿ ನಿಂತಿರುತ್ತದೆ. ನಾವು ಉಪ್ಪನ್ನು ಇಲ್ಲವಾಗಿಸಿಲ್ಲ, ಜಾಗ ಬದಲಿಸಿದ್ದೇವೆ.

ಮಡಿ-ಮೈಲಿಗೆಯ ಲೆಕ್ಕವೂ ಹೀಗೆಯೇ ನಡೆದುಬಂದದ್ದಲ್ಲವೇ? ಒಬ್ಬರ ಅಂಗಳ ಶುದ್ಧವಾಗಿರಲು ಇನ್ನೊಬ್ಬರು ಕೊಳೆ ಹೊರಬೇಕಿತ್ತು. ಹೊತ್ತವರನ್ನೇ ಮೈಲಿಗೆ ಎಂದೆವು. ಡಾ. ವಿ. ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದಾಗ ಉಡುಪಿ ಪುರಸಭೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿತು. ದೇಶಕ್ಕೆ ಅಂಥ ಕಾಯ್ದೆ ಬಂದದ್ದು 1993ರಲ್ಲಿ. 2013ರಲ್ಲಿ ಇನ್ನೊಂದು ಬೇಕಾಯಿತು. ಕೊಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳದವರಿಗೆ ಅದನ್ನು ಹೊರುವವರೂ ಕಾಣುವುದಿಲ್ಲ.

ಹಾಗೆಂದು ಸೋಸುವುದೇ ಬೇಡ ಎನ್ನಲಾರೆ. ಸ್ವರ್ಣೆಯ ಅಳಿವೆ ನಮಗೆ ಹತ್ತಿರ. ಉಬ್ಬರದಲ್ಲಿ ಉಪ್ಪುನೀರು ಹೊಳೆಯೊಳಗೆ ಏರಿ ಬರುತ್ತದೆ. ಸಿಹಿನೀರಿನ ಬೆಲೆ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಶುದ್ಧಿಯ ಲಾಭವನ್ನು ಬರೆದುಕೊಳ್ಳುವವರು ಉಳಿಕೆಯ ಲೆಕ್ಕವನ್ನೂ ಬರೆಯಬೇಕು. ಅಷ್ಟು ಪ್ರಾಮಾಣಿಕತೆ ನನ್ನ ಕೈಯಳತೆಯಲ್ಲಿದೆ.

ಈ ವಾರ ಕೋಷ್ಟಕಕ್ಕೆ ಹೊಸ ಕಾಲಂ ಸೇರಿಸಿದೆ: ‘ಉಳಿದದ್ದು ಎಷ್ಟು, ಎಲ್ಲಿಗೆ?’ ಮೂರು ವರ್ಷದ ಸಾಲುಗಳಲ್ಲೆಲ್ಲ ‘ಚರಂಡಿ’ ಎಂದು ಬರೆಯಬೇಕಾಯಿತು. ನಿವಾರಣೆಯ ಅಂಕಿ ಒಂದೂ ಬದಲಾಗಿಲ್ಲ. ಓದುವಾಗ ಮೊದಲಿನ ಹೆಮ್ಮೆ ಮಾತ್ರ ಬರುತ್ತಿಲ್ಲ.