ಇಳಿದ ನೀರು ತೋರಿದ ಲೆಕ್ಕ

ಮಕ್ಕಳು ಕೇಳುವ ಪ್ರಶ್ನೆಗಳನ್ನು ಹಿರಿಯರಾದ ನಾವು ಬಹುಮಟ್ಟಿಗೆ ನಕ್ಕು ಮರೆತುಬಿಡುತ್ತೇವೆ. ಆದರೆ ಒಮ್ಮೊಮ್ಮೆ ಅಂಥ ಒಂದು ಪ್ರಶ್ನೆ ಎದೆಯಲ್ಲಿ ನಾಟಿ, ಉತ್ತರ ಪಡೆಯುವವರೆಗೆ ನಮ್ಮನ್ನು ಬಿಡುವುದಿಲ್ಲ. 2022ರ ಆಗಸ್ಟ್ ತಿಂಗಳಲ್ಲಿ ನನ್ನ ಹನ್ನೊಂದು ವರ್ಷದ ಮೊಮ್ಮಗಳು ಕೇಳಿದ ಪ್ರಶ್ನೆ ಅಂಥದು. "ಅಜ್ಜಾ, ನೀರೆಲ್ಲ ಹೀಗೆ ಇಳಿದುಹೋಗಿರುವಾಗ ನಾವು ಇಲ್ಲಿಗೆ ಆಟವಾಡಲು ಬಂದದ್ದು ತಪ್ಪಲ್ಲವೆ?" ಅಂದು ನಾನು ಉತ್ತರಿಸಲಾರದೆ ಹೋದೆ. ಈಗ ಹೇಳಬಲ್ಲಷ್ಟನ್ನು ಭಕ್ತ ಬಾಂಧವರ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಅಮೆರಿಕದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ನನ್ನ ಮಗ ಸಂಸಾರ ಹೂಡಿದ್ದಾನೆ. ನಾವು ಅಲ್ಲಿಗೆ ಹೋದಾಗ, ಏಳು ಮಂದಿಯ ಕುಟುಂಬವೆಲ್ಲ ಒಂದೆಡೆ ನಾಲ್ಕು ದಿನ ಇರಬೇಕೆಂಬ ಆಸೆಯಿಂದ ಪೊವೆಲ್ ಸರೋವರದಲ್ಲಿ ಒಂದು ಹೌಸ್‌ಬೋಟನ್ನು, ಅಂದರೆ ದೋಣಿಮನೆಯನ್ನು, ವರ್ಷದ ಮೊದಲೇ ಗೊತ್ತುಮಾಡಿದ್ದನು. ಮಲಗುವ ಕೋಣೆ, ಅಡುಗೆಯ ಒಲೆ, ಸ್ನಾನದ ಮನೆ ಎಲ್ಲವೂ ಉಳ್ಳ ಮನೆಯೊಂದು ನೀರಿನ ಮೇಲೆ ತೇಲುವುದು; ಹಗಲು ಸಾಗುವುದು, ಇರುಳು ದಂಡೆಗೆ ಹತ್ತಿ ನಿಲ್ಲುವುದು.

ಸರೋವರವೆಂದು ಕರೆದರೂ ಅದು ಮನುಷ್ಯನು ಕಟ್ಟಿದ ಜಲಾಶಯ. ಕೊಲೊರಾಡೊ ನದಿಗೆ ಪೇಜ್ ಎಂಬ ಊರಿನ ಬಳಿ ಅಡ್ಡಲಾಗಿ ನಿಂತ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಹಿಂದೆ 1963ರಿಂದ ನೀರು ನಿಲ್ಲತೊಡಗಿ, 1980ರಲ್ಲಿ ಮೊದಲ ಬಾರಿಗೆ ತುಂಬಿತು. ಹದಿನೇಳು ವರ್ಷಗಳ ಸಂಗ್ರಹ! ತುಂಬಿದಾಗ ಅದರ ಮಟ್ಟ ಸಮುದ್ರಮಟ್ಟಕ್ಕಿಂತ 3700 ಅಡಿ ಎತ್ತರ. ನಾವು ಹೋದಾಗ ನೀರು ಅದಕ್ಕಿಂತ ಸುಮಾರು 165 ಅಡಿ ಕೆಳಗಿತ್ತು. ಕೆಂಪು ಬಂಡೆಯ ಗೋಡೆಗಳ ಮೇಲೆ, ನೀರಿನಲ್ಲಿ ಕರಗಿದ್ದ ಲವಣಗಳು ಹತ್ತಿಕೊಂಡು ಉಳಿದ ಬಿಳಿಯ ಪಟ್ಟಿ, ಬಚ್ಚಲುಮನೆಯ ಹಂಡೆಯೊಳಗಿನ ಸುಣ್ಣದ ಗೆರೆಯಂತೆ, ನಮ್ಮ ತಲೆಯ ಮೇಲೆ ಹದಿನೈದು ಅಂತಸ್ತಿನ ಎತ್ತರಕ್ಕೆ ಏರಿತ್ತು. ಒಂದು ಕಾಲಕ್ಕೆ ಅಲ್ಲಿಯವರೆಗೆ ನೀರಿತ್ತೆಂದು ಮಗನು ಬೆರಳು ತೋರಿದಾಗ ನಾವೆಲ್ಲ ಕತ್ತೆತ್ತಿ ನೋಡಿ ಮೌನವಾದೆವು. ಮೊಮ್ಮಗಳ ಪ್ರಶ್ನೆ ಹುಟ್ಟಿದುದು ಆ ಮೌನದಲ್ಲಿ.

ಆ ನಾಲ್ಕು ದಿನಗಳಲ್ಲಿ ನಡೆದ ಎರಡು ಸಂಗತಿಗಳನ್ನು ಹೇಳಬೇಕು. ಮೊದಲನೆಯದು: ಎರಡು ರಾತ್ರಿ ಒಂದೇ ಮರಳದಂಡೆಯಲ್ಲಿ ನಿಂತಿದ್ದ ನಮ್ಮ ದೋಣಿ ಮೂರನೆಯ ಬೆಳಗ್ಗೆ ಕದಲಲಿಲ್ಲ. ನೀರು ಕೆಲವೇ ಅಂಗುಲ ಇಳಿದಿತ್ತು. ದೋಣಿಯ ತಳ ಮರಳಿನಲ್ಲಿ ಕುಳಿತುಬಿಟ್ಟಿತ್ತು. ಎರಡು ಗಂಟೆಯ ಕಾಲ ಸಲಿಕೆ ಹಿಡಿದು ಮರಳು ಬಗೆದೆವು. ಕೊನೆಗೆ ಪಕ್ಕದ ದಂಡೆಯಲ್ಲಿದ್ದ ಅಪರಿಚಿತ ಕುಟುಂಬವೊಂದು ತಮ್ಮ ದೋಣಿಗೆ ಹಗ್ಗ ಕಟ್ಟಿ ನಮ್ಮನ್ನು ಎಳೆದು ಬಿಡಿಸಿತು. ಕೂಲಿ ಕೊಡಹೋದರೆ, ನಾಳೆ ನಾವು ಸಿಕ್ಕಿಬಿದ್ದಾಗ ಇನ್ನೊಬ್ಬರು ಬರುತ್ತಾರೆಂದು ನಗುತ್ತ ಹೊರಟುಹೋದರು.

ಎರಡನೆಯದು: ದೋಣಿಯಲ್ಲಿ ಕುಡಿಯಲೂ ಮೀಯಲೂ ಇದ್ದುದು ದಡದಿಂದ ತುಂಬಿಸಿ ತಂದ ಒಂದು ಟ್ಯಾಂಕಿನ ನೀರು ಮಾತ್ರ. ಅದೆಷ್ಟು ಉಳಿದಿದೆಯೆಂದು ತೋರುವ ಪುಟ್ಟ ಸೂಚಕವೊಂದು ಅಡುಗೆಯ ಕಟ್ಟೆಯ ಮೇಲಿತ್ತು. ಸೊಸೆ ಪ್ರತಿದಿನ ಬೆಳಗ್ಗೆ ಅದನ್ನು ನೋಡಿ ಎಲ್ಲರಿಗೂ ಸಾರುವಳು. ಫೀನಿಕ್ಸಿನ ಮನೆಯಲ್ಲಿ ಅರ್ಧ ಗಂಟೆ ಸ್ನಾನಮಾಡುವ ಮೊಮ್ಮಗನು ಅಲ್ಲಿ ಎರಡು ತಂಬಿಗೆ ನೀರಿನಲ್ಲಿ ಮಿಂದು ಬಂದನು. ಯಾರೂ ಅವನಿಗೆ ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ. ಅಳತೆ ಕಣ್ಣಿಗೆ ಕಂಡಿತು, ಕೈ ತಾನಾಗಿ ಹಿಡಿತಕ್ಕೆ ಬಂತು.

ಈಗ ಪ್ರಶ್ನೆಗೆ ಬರೋಣ. ದೋಣಿ ತೇಲಿದರೆ ನೀರು ಖರ್ಚಾಗುವುದಿಲ್ಲ. ನಾವು ಬಾರದಿದ್ದರೂ ಜಲಾಶಯ ಒಂದು ಅಂಗುಲವೂ ಏರುತ್ತಿರಲಿಲ್ಲ ಎಂದು ಮಗನು ಹೇಳಿದನು. ಪ್ರವಾಸಿಗರು ಬಾರದೆ ಹೋದರೆ ಪೇಜ್ ಊರಿನ ದುಡಿಯುವ ಜನರ ಗತಿಯೇನು ಎಂದು ಸೊಸೆ ಕೇಳಿದಳು. ಎರಡೂ ಸತ್ಯ. ಆದರೂ ಮಗುವಿನ ಮುಖದ ಮೇಲಿನ ಸಂದೇಹ ಅಳಿಯಲಿಲ್ಲ. ನನ್ನ ಮನಸ್ಸಿನದೂ ಅಳಿಯಲಿಲ್ಲ. ನಾವು ಉತ್ತರಿಸಿದುದು ನಾಲ್ಕು ದಿನದ ವಿಹಾರದ ಕುರಿತು. ಅವಳು ಕೇಳಿದುದು ನಮ್ಮ ಬಾಳಿನ ಕ್ರಮವನ್ನು ಕುರಿತು.

ಆ ನೀರು ಏಕೆ ಇಳಿಯಿತು? 2000ದಿಂದ ಈಚೆಗೆ ಆ ಸೀಮೆಯನ್ನು ಬರಗಾಲ ಹಿಡಿದಿದೆ. ಭೂಮಿಯ ಕಾವು ಏರಿ ಪರ್ವತದ ಹಿಮ ನದಿಯನ್ನು ಸೇರುವ ಮೊದಲೇ ಒಂದಷ್ಟು ಪಾಲು ಹಾರಿಹೋಗುತ್ತಿದೆ. ಇದು ಒಂದು ಕಾರಣ. ಇನ್ನೊಂದು ಕಾರಣ ಬಹಳ ಹಿಂದಿನದು. 1922ರಲ್ಲಿ ಏಳು ಸಂಸ್ಥಾನಗಳ ಪ್ರತಿನಿಧಿಗಳು ಕುಳಿತು ಆ ನದಿಯನ್ನು ಹಂಚಿಕೊಂಡರು. ಮೇಲಿನ ಕಣಿವೆಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಕೆಳಗಿನ ಕಣಿವೆಗೆ 75 ಲಕ್ಷ. ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವ ನೀರೇ ಒಂದು ಎಕರೆ-ಅಡಿ. 1944ರಲ್ಲಿ ಮೆಕ್ಸಿಕೋ ದೇಶಕ್ಕೆ ಮತ್ತೆ 15 ಲಕ್ಷ ಕೊಡುವ ಒಪ್ಪಂದವಾಯಿತು. ಒಟ್ಟು 1 ಕೋಟಿ 65 ಲಕ್ಷ. ಆದರೆ ಅವರು ಆಧಾರವಾಗಿಟ್ಟುಕೊಂಡುದು ವಿಶೇಷವಾಗಿ ಮಳೆ-ಹಿಮ ಹೆಚ್ಚಾಗಿದ್ದ ಕೆಲವೇ ವರ್ಷಗಳ ಅಳತೆಯನ್ನು. 2000ದ ನಂತರದ ವರ್ಷಗಳಲ್ಲಿ ನದಿ ಸರಾಸರಿ ಕೊಟ್ಟುದು 1 ಕೋಟಿ 25 ಲಕ್ಷದ ಆಸುಪಾಸು. ನದಿ ಕೊಡಲಾರದುದನ್ನು ಕಾಗದ ಕೊಟ್ಟಿತು! ಆ ಕಾಗದವನ್ನು ನಂಬಿ ನಗರಗಳು ಬೆಳೆದವು, ಹೊಲಗಳು ಹಬ್ಬಿದವು. ಇಂದು ಸುಮಾರು ನಾಲ್ಕು ಕೋಟಿ ಜನ ಆ ನೀರನ್ನು ನೆಚ್ಚಿದ್ದಾರೆ. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಗೃಹಸ್ಥನು ಗಂಟನ್ನು ಕರಗಿಸುವಂತೆ, ಅವರು ಜಲಾಶಯವನ್ನು ಕರಗಿಸಿದರು. ಗಂಟು ದೊಡ್ಡದಾಗಿದ್ದುದರಿಂದ ಕರಗುವುದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಇಲ್ಲಿ ನನಗೆ ನೆನಪಾದವರು ಆಯ್ದಕ್ಕಿ ಲಕ್ಕಮ್ಮ ತಾಯಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಕ್ಕಿತು, ಸಂತೋಷದಿಂದ ತಂದರು. ಆ ತಾಯಿ ಸಂತೋಷಪಡಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದರು. ಈ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಬಡವಿಯೊಬ್ಬಳ ನಿಸ್ಪೃಹತೆಯೆಂದು ಕೊಂಡಾಡಿದ್ದೇವೆ. ಆದರೆ ಅದರಲ್ಲಿ ಇನ್ನೊಂದು ಮಾತು ಅಡಗಿದೆ. ಆ ಅಕ್ಕಿ ಕಳವಿನದಲ್ಲ, ಅನ್ಯಾಯದ್ದಲ್ಲ. ದುಡಿದು ತಂದುದೇ ಸರಿ. ಆದರೂ ಅದು ತಮ್ಮದಲ್ಲವೆಂದು ಆ ತಾಯಿ ಕಂಡರು. ಹಕ್ಕಾಗಿ ಬಂದುದೆಲ್ಲ ನಮ್ಮದಲ್ಲ, ಅಗತ್ಯವಿದ್ದಷ್ಟು ಮಾತ್ರ ನಮ್ಮದು ಎಂಬ ಈ ಸೂಕ್ಷ್ಮವೇ ಶರಣಧರ್ಮದ ತಿರುಳು. ಇದು ಜಿಪುಣತನವಲ್ಲ. ಜಿಪುಣನು ತನಗಾಗಿ ಉಳಿಸುತ್ತಾನೆ. ಶರಣನು ಇನ್ನೊಬ್ಬರಿಗಾಗಿ ಬಿಡುತ್ತಾನೆ.

ಬಿಡದೆ ಹೋದಾಗ ಯಾರಿಗೆ ಏಟು ಬೀಳುತ್ತದೆ? ನಾವು ಅಮೆರಿಕದಲ್ಲಿದ್ದಾಗಲೇ, ಆಗಸ್ಟ್ 16ರಂದು, ಮರುವರ್ಷ ಕೊಲೊರಾಡೊದಿಂದ ಅರಿಜೋನಾಕ್ಕೆ ಬರುವ ಪಾಲಿನಲ್ಲಿ ಶೇಕಡಾ 21ರಷ್ಟು ಕಡಿತವೆಂದು ಸರ್ಕಾರ ಸಾರಿತು. ಅದಾಗಲೇ ಜಾರಿಯಲ್ಲಿದ್ದ ಮೊದಲ ಕಡಿತದ ಭಾರ ಬಿದ್ದುದು ಬಹುಮಟ್ಟಿಗೆ ಪಿನಾಲ್ ಜಿಲ್ಲೆಯ ರೈತರ ಮೇಲೆ. ಅವರ ಹೊಲಗಳು ಬೀಳುಬಿದ್ದಾಗಲೂ ನನ್ನ ಮಗನ ಮನೆಯ ಈಜುಕೊಳ ತುಂಬಿಯೇ ಇತ್ತು. ಅಂಗಳದ ಹುಲ್ಲು ಹಸುರಾಗಿಯೇ ಇತ್ತು.

ಈ ಮಾತನ್ನು ನಾನು ಮಗನಿಗೆ ಹೇಳಹೊರಟೆ. ನಾಲಗೆ ತಡೆಯಿತು. ಏಕೆಂದರೆ ನನ್ನ ಕಥೆಯೂ ಬೇರೆಯಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ನಮ್ಮೂರು ಮುಳುಗಡೆಯಾದ ಮೇಲೆ, ಬಂದ ಪರಿಹಾರದ ಹಣದಲ್ಲಿ ಮುಧೋಳದ ಕಡೆ ಕಾಲುವೆಯ ಮೇಲ್ಭಾಗದಲ್ಲಿ ಆರು ಎಕರೆ ಕೊಂಡು ಕಬ್ಬು ಹಚ್ಚಿದೆ. ರಾತ್ರಿಯೆಲ್ಲ ನೀರು ಹರಿಯಬಿಟ್ಟು ನಿಶ್ಚಿಂತೆಯಿಂದ ಮಲಗಿದೆ. ಕಾಲುವೆಯ ಕೊನೆಯಂಚಿನ ರೈತರು ಒಣಗಿದ ಜೋಳವನ್ನು ನೋಡುತ್ತ ಕುಳಿತಿರುವುದು ನನಗೆ ತಿಳಿಯದ ಸಂಗತಿಯಲ್ಲ. ಮನೆ-ಮಠ ಕಳೆದುಕೊಂಡವನು ನಾನು, ಇಷ್ಟು ನೀರು ನನಗೆ ಸಲ್ಲಬೇಕಾದುದೇ ಎಂದು ಸಮಾಧಾನ ಹೇಳಿಕೊಂಡಿದ್ದೆ. ನನ್ನ ನಷ್ಟವನ್ನೇ ನನ್ನ ಅತಿಯಾಸೆಗೆ ಸನ್ನದು ಮಾಡಿಕೊಂಡಿದ್ದೆ!

ಮುಳುಗಡೆಯ ಮಾತು ಬಂದುದರಿಂದ ಇದೊಂದನ್ನು ಹೇಳಲೇಬೇಕು. ಬೇಸಗೆಯಲ್ಲಿ ಹಿನ್ನೀರು ಸರಿದಾಗ ನಮ್ಮೂರಿನ ಅಡಿಪಾಯಗಳು, ಕಟ್ಟೆಯ ಕಲ್ಲುಗಳು ತಲೆಯೆತ್ತುತ್ತವೆ. ಊರವರು ಹೋಗಿ ತಮ್ಮ ತಮ್ಮ ಹೊಸ್ತಿಲನ್ನು ಹುಡುಕಿ ನಿಂತು ಬರುತ್ತಾರೆ. ಪೊವೆಲ್ ಸರೋವರದಲ್ಲಿಯೂ ನೀರು ಇಳಿದಂತೆಲ್ಲ ಮುಳುಗಿದ್ದ ಗ್ಲೆನ್ ಕಣಿವೆಯ ಓಣಿಗಳು, ಶಿಲಾಕಮಾನುಗಳು ಮೇಲೆ ಬರುತ್ತಿವೆ. ಅದೇ ಜಲಾಶಯದ ಒಂದು ಕವಲಿನಲ್ಲಿ ರೇನ್‌ಬೋ ಬ್ರಿಜ್ ಎಂಬ ಸ್ವಾಭಾವಿಕ ಶಿಲಾಸೇತುವೆಯಿದೆ. ನವಾಹೊ ಮೊದಲಾದ ಮೂಲನಿವಾಸಿಗಳಿಗೆ ಅದು ಪವಿತ್ರ ಕ್ಷೇತ್ರ. ಅದಕ್ಕೆ ಧಕ್ಕೆ ತಗಲದಂತೆ ರಕ್ಷಣೆ ಒದಗಿಸಬೇಕೆಂದು 1956ರ ಕಾನೂನೇ ಹೇಳಿತ್ತು. ಆದರೆ ರಕ್ಷಣೆಯ ಕಟ್ಟೆಗೆ ಹಣ ಮಂಜೂರಾಗಲಿಲ್ಲ. ನೀರು ಸೇತುವೆಯ ಅಡಿಗೆ ನುಗ್ಗಿತು. ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಬಂದಾಗ ಗುರು ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯೆತ್ತಿ ಅದನ್ನು ಉಳಿಸಿಕೊಂಡೆವು. ಇಂದಿಗೂ ಮೆಟ್ಟಿಲಿಳಿದು ದರ್ಶನ ಪಡೆಯುತ್ತೇವೆ. ಆ ಭಾಗ್ಯ ಆ ಜನಕ್ಕೆ ಸಿಗಲಿಲ್ಲ. 1922ರಲ್ಲಿ ನದಿಯನ್ನು ಹಂಚಿದ ಸಭೆಯಲ್ಲಿಯೂ ಅವರ ಪ್ರತಿನಿಧಿಯೊಬ್ಬನೂ ಇರಲಿಲ್ಲ. ತುಂಬಿದ ನೀರು ಎರಡು ಲೆಕ್ಕಗಳನ್ನು ಮುಚ್ಚಿಡುತ್ತದೆ: ಎಷ್ಟಿದೆ ಎಂಬ ಲೆಕ್ಕ, ಯಾರದನ್ನು ಮುಳುಗಿಸಿ ಬಂತು ಎಂಬ ಲೆಕ್ಕ. ಇಳಿದ ನೀರು ಎರಡನ್ನೂ ತೆರೆದಿಡುತ್ತದೆ.

ಹಾಗಾದರೆ ಮಗುವಿಗೆ ನನ್ನ ಉತ್ತರವೇನು? ಮಗಳೇ, ಹೋದುದು ತಪ್ಪಲ್ಲ. ಹೋಗಿ, ಕಂಡು, ಹೋದಂತೆಯೇ ಹಿಂತಿರುಗಿದರೆ ಅದು ತಪ್ಪು. ಕಾಣುವುದು ಅರಿವು, ಕಂಡಂತೆ ನಡೆಯುವುದು ಆಚಾರ. ಆಚಾರವಾಗದ ಅರಿವು ದಂಡೆಗೆ ಹತ್ತಿ ಕುಳಿತ ದೋಣಿಯಂತೆ. ಎಲ್ಲ ಸೌಕರ್ಯವೂ ಇದೆ, ಚಲನೆಯಿಲ್ಲ.

ಮರೆಯುವುದು ಎಷ್ಟು ಸುಲಭವೆಂಬುದನ್ನೂ ಆ ಸರೋವರವೇ ತೋರಿಸಿತು. 2023ರ ವಸಂತದಲ್ಲಿ ಮಟ್ಟ 3520 ಅಡಿಯವರೆಗೆ ಕುಸಿಯಿತು. ಆ ವರ್ಷವೇ ಹಿಮ ಹೇರಳವಾಗಿ ಕರಗಿ ಅರುವತ್ತು ಅಡಿಗೂ ಮೇಲೆ ಏರಿತು. ಇನ್ನು ಭಯವಿಲ್ಲವೆಂದು ಜನ ಹಿಗ್ಗಿದರು. ಆಮೇಲೆ ಅದು ಮತ್ತೆ ಇಳಿಯತೊಡಗಿತು. ಸಮೃದ್ಧಿಯ ಒಂದು ವರ್ಷವನ್ನು ಶಾಶ್ವತವೆಂದು ಬಗೆಯುವ 1922ರ ಭ್ರಮೆ ಮನುಷ್ಯನನ್ನು ಸುಲಭವಾಗಿ ಬಿಡುವುದಿಲ್ಲ.

ಶ್ರೀಮಠದ ಪ್ರಸಾದನಿಲಯದಲ್ಲಿ ಓದಿದವರಿಗೆ ಈ ವಿಚಾರ ಹೊಸದಾಗಬಾರದು. ತಾಟಿನಲ್ಲಿ ಒಂದು ಅಗುಳು ಬಿಡಬಾರದು, ತಾಟು ತೊಳೆದ ನೀರನ್ನೂ ಕುಡಿದು ಏಳಬೇಕು ಎಂಬುದು ಅಲ್ಲಿಯ ನಿಯಮ. ಹುಡುಗತನದಲ್ಲಿ ನಾವು ಅದನ್ನು ಬಡತನದ ಕಟ್ಟಳೆಯೆಂದು ತಿಳಿದೆವು. ಕೈಯಲ್ಲಿ ನಾಲ್ಕು ಕಾಸು ಓಡಾಡಿದೊಡನೆ ಬಿಟ್ಟೆವು. ಅದು ಬಡತನದ ಕಟ್ಟಳೆಯಲ್ಲ, ಪ್ರಸಾದದ ಕಟ್ಟಳೆ. ಕೊಟ್ಟವನನ್ನೂ, ಇನ್ನೂ ಉಣ್ಣಬೇಕಾದವರನ್ನೂ ನೆನೆದು ಉಣ್ಣುವ ರೀತಿ. ಹಳ್ಳಿಯ ಭಕ್ತರು ಹೊತ್ತು ತಂದ ಜೋಳದ ಚೀಲಗಳು ಎಷ್ಟು, ಉಣ್ಣುವ ಮಕ್ಕಳು ಎಷ್ಟು ಎಂಬ ಅಳತೆ ಅಲ್ಲಿ ಎಲ್ಲರ ಕಣ್ಣೆದುರಿಗಿತ್ತು, ದೋಣಿಯ ಟ್ಯಾಂಕಿನ ಸೂಚಕದಂತೆ.

ಊರಿಗೆ ಬಂದ ಮೇಲೆ ಎರಡು ಎಕರೆ ಕಬ್ಬು ಕಿತ್ತು ಕಡಲೆ ಬಿತ್ತಿದ್ದೇನೆ; ಉಳಿದ ನಾಲ್ಕಕ್ಕೆ ಹನಿ ನೀರಾವರಿಯ ಕೊಳವೆ ಹಾಕಿಸಿದ್ದೇನೆ. ಆದಾಯ ಕುಗ್ಗಿದೆ, ಮನೆಯಲ್ಲಿ ಗೊಣಗಾಟವೂ ಉಂಟು. ನಾನು ಬಿಟ್ಟ ನೀರು ಕೊನೆಯಂಚಿನವರನ್ನು ಮುಟ್ಟುತ್ತದೆಯೋ, ನಡುವಿನವರು ಹಿಡಿದುಕೊಳ್ಳುತ್ತಾರೆಯೋ ಎಂಬುದು ನನ್ನ ಕೈಯಲ್ಲಿಲ್ಲ. ಅಂಗಳದಲ್ಲಿ ಸುರಿದು ಬಂದ ಅಕ್ಕಿಯನ್ನು ಆಮೇಲೆ ಯಾರು ಆಯ್ದರೆಂದು ಲಕ್ಕಮ್ಮ ತಾಯಿ ಕೇಳಲಿಲ್ಲ. ಹೆಚ್ಚಾದುದನ್ನು ಹಿಂದಕ್ಕೆ ಬಿಡುವುದಷ್ಟೇ ನಮ್ಮ ಪಾಲಿನ ಕೆಲಸ. ಅದನ್ನು ನಾಳೆ ಮಾಡೋಣವೆನ್ನದೆ ಇಂದೇ ಮಾಡುವ ಬುದ್ಧಿಯನ್ನು ಗುರು ನಮಗೆಲ್ಲರಿಗೂ ಕರುಣಿಸಲಿ.